ಹಿತ್ತಾಳೆ ಹಿಡಿಯಿತು, ಕಬ್ಬಿಣ ಹಿಡಿಯಲಿಲ್ಲ

ಮಳೆಗಾಲ ಹತ್ತಿರವಾದರೆ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಅಡಿಕೆಗೆ ಮೈಲುತುತ್ತ-ಸುಣ್ಣದ ಮದ್ದು ಬಿಡುವ ಪಂಪುಗಳು ಅಟ್ಟದಿಂದ ಇಳಿಯುತ್ತವೆ. ಕಬ್ಬಿಣದ ಪೈಪಿಗೆ ಬ್ರೇಜಿಂಗ್ (ಬೇರೆ ಲೋಹದ ರಾಡನ್ನು ಕರಗಿಸಿ ಸಂದಿಗೆ ತುಂಬುವ ಬೆಸುಗೆ) ಮಾಡಿಸಿದ ಹಿತ್ತಾಳೆ ನಿಪ್ಪಲ್ (ಜೋಡಣೆಯ ಗಿಡ್ಡ ಕೊಳವೆ) ಎರಡೇ ದಿನದಲ್ಲಿ ಕೈಗೆ ಬಂತೆಂದರೆ, ಕಿತ್ತುಬಂದ ಜಾಗವನ್ನು ಮೊದಲು ಬೆಳಕಿಗೆ ಹಿಡಿಯಿರಿ. ಬೆಸುಗೆಯೆಲ್ಲ ಹಿತ್ತಾಳೆಗೆ ಅಂಟಿ, ಕಬ್ಬಿಣ ಕಪ್ಪಗೆ ಬೋಳಾಗಿದ್ದರೆ ಅದು ಕಬ್ಬಿಣಕ್ಕೆ ಹಿಡಿದೇ ಇರಲಿಲ್ಲ.

ರಾಡು ಯಾವುದು ಕೇಳಿ. ಫ್ರಿಜ್ ರಿಪೇರಿಯ ತಾಮ್ರ-ರಂಜಕದ ರಾಡು ಇಲ್ಲಿಗೆ ಬೇಡವೇ ಬೇಡ. ರಂಜಕವು ಕಬ್ಬಿಣದೊಡನೆ ಸೇರಿ ಗಾಜಿನಂತೆ ಒಡೆಯುವ ಪದರವಾಗುತ್ತದೆ. ಹಿತ್ತಾಳೆ ರಾಡು ಕರಗಲು ಸುಮಾರು 890 ಡಿಗ್ರಿ ಸೆಲ್ಸಿಯಸ್ ಬೇಕು, ಅಷ್ಟರಲ್ಲಿ ನಿಪ್ಪಲ್ಲೇ ಕುಸಿಯುತ್ತದೆ. ಶೇ 45 ಬೆಳ್ಳಿಯಿರುವ, ಕ್ಯಾಡ್ಮಿಯಂ ಇಲ್ಲದ ರಾಡು 640–680 ಡಿಗ್ರಿಯಲ್ಲಿ ಕರಗುತ್ತದೆ. ದುಬಾರಿ, ಆದರೆ ಅದೇ ಸರಿ.

ಹೆಚ್ಚಿನವರು ಎಡವುವುದು ಫ್ಲಕ್ಸಿಗೆ (ಕಾದ ಲೋಹದ ತುಕ್ಕಿನ ಪದರ ಕರಗಿಸುವ ವಸ್ತು) ಬಿಳಿಗಾರ ಬಳಸುವುದರಲ್ಲಿ. ಬಿಳಿಗಾರ ನೀರಾಗುವುದೇ 740 ಡಿಗ್ರಿ ದಾಟಿದ ಮೇಲೆ. ಅಷ್ಟರೊಳಗೆ ಬೆಳ್ಳಿ ರಾಡು ಕರಗಿ, ತುಕ್ಕಿನ ಪದರದ ಮೇಲೆ ಮುತ್ತಿನಂತೆ ಉರುಳುತ್ತಿರುತ್ತದೆ. 550 ಡಿಗ್ರಿಯಿಂದಲೇ ಕೆಲಸ ಮಾಡುವ ಫ್ಲೋರೈಡ್ ಫ್ಲಕ್ಸ್ ಪೇಸ್ಟ್ ತನ್ನಿ. ಅದರ ಹೊಗೆ ಒಳ್ಳೆಯದಲ್ಲ, ಗಾಳಿಯಾಡುವಲ್ಲಿ ಕೆಲಸ ಮಾಡಿ.

ಪೈಪಿನ ತುದಿಗೆ ಮೆತ್ತಿದ ಸುಣ್ಣ, ಮೈಲುತುತ್ತದ ಹಕ್ಕಳೆಯನ್ನು ಅರದಿಂದ ಉಜ್ಜಿ ಹೊಳೆಯುವ ಲೋಹ ಕಾಣಿಸಿ. ಮದ್ದಿನಲ್ಲಿ ಸುಣ್ಣ ಕಡಿಮೆಯಾಗಿದ್ದರೆ ಕಬ್ಬಿಣದ ಮೇಲೆ ತಾಮ್ರದ ಕೆಂಪು ತೆಳುಪದರ ಕೂತಿರುತ್ತದೆ, ಅದೂ ಹೋಗಬೇಕು. ಜಿಐ ಪೈಪಾದರೆ ಸತುವಿನ ಲೇಪವೂ.

ಪೈಪು, ನಿಪ್ಪಲ್ಲಿನ ನಡುವಿನ ಸಂದು ಒಂದೊಂದು ಬದಿಗೆ 0.05ರಿಂದ 0.15 ಮಿ.ಮೀ. ಇರಲಿ, ಆದರೆ ಕಾದಾಗಿನ ಲೆಕ್ಕದಲ್ಲಿ. ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ: 20 ಮಿ.ಮೀ. ವ್ಯಾಸಕ್ಕೆ 650 ಡಿಗ್ರಿಯಲ್ಲಿ ಸುಮಾರು 0.09 ಮಿ.ಮೀ. ವ್ಯತ್ಯಾಸ, ಬದಿಗೆ ಅದರರ್ಧ. ಹಿತ್ತಾಳೆ ಹೊರಗಿದ್ದರೆ ಸಂದು ಅಗಲವಾಗುತ್ತದೆ, ತಣ್ಣಗೆ ಬಿಗಿಯಾಗಿ ಕೂರಿಸಿದರೂ ನಡೆಯುತ್ತದೆ. ಹಿತ್ತಾಳೆ ಒಳಗಿದ್ದರೆ ಸಂದು ಮುಚ್ಚಿ ಬೆಸುಗೆ ಒಳಗಿಳಿಯುವುದೇ ಇಲ್ಲ; ತಣ್ಣಗಿರುವಾಗಲೇ 0.1 ಮಿ.ಮೀ. ಬಿಡಿ.

ಎರಡಕ್ಕೂ ಪೇಸ್ಟ್ ಹಚ್ಚಿ ಜೋಡಿಸಿ, ನೆರಳಿನಲ್ಲಿ ಕಾಯಿಸಿ. ಅಂಗಳದ ಬಿಸಿಲಿನಲ್ಲಿ ಕಬ್ಬಿಣದ ಮಬ್ಬು ಕೆಂಪು ಕಾಣುವುದಿಲ್ಲ. ಜ್ವಾಲೆ ಕಬ್ಬಿಣದ ಮೇಲೆ ಹೆಚ್ಚು ಹೊತ್ತು ಓಡಾಡಲಿ, ಹಿತ್ತಾಳೆಗೆ ಆಗಾಗ ತಾಗಿದರೆ ಸಾಕು. ಬಿಳಿ ಸಾಬೂನಿನಂತೆ ಉಬ್ಬಿದ ಫ್ಲಕ್ಸ್ ಎರಡೂ ಕಡೆ ತಿಳಿನೀರಿನಂತಾದಾಗ ರಾಡನ್ನು ಸಂದಿಗೆ ತಾಗಿಸಿ. ಅದು ಲೋಹದ ಬಿಸಿಗೆ ಕರಗಬೇಕು, ಜ್ವಾಲೆಗಲ್ಲ. ಫ್ಲಕ್ಸ್ ಕಪ್ಪಾಯಿತೇ? ಅದರ ಶಕ್ತಿ ಮುಗಿಯಿತು. ಇನ್ನಷ್ಟು ಕಾಯಿಸಿ ಫಲವಿಲ್ಲ. ಆರಿಸಿ, ಉಜ್ಜಿ, ಮೊದಲಿನಿಂದ ಶುರುಮಾಡಿ.

ಕೆಂಪಗಿರುವಾಗಲೇ ನೀರಿಗೆ ಹಾಕಬೇಡಿ, ಬಿರುಕು ಬಿಡುತ್ತದೆ. ಸಾಕಷ್ಟು ತಣಿದ ಮೇಲೆ ಬಿಸಿನೀರಿನಲ್ಲಿ ನೆನೆಸಿ, ತಂತಿ ಬ್ರಷ್ಷಿನಿಂದ ಫ್ಲಕ್ಸ್ ಪೂರ್ತಿ ತೆಗೆಯಿರಿ. ಸೋರುವುದೇ ಎಂದು ಪರೀಕ್ಷಿಸುವುದು ಆಮೇಲೆ: ಸೂಜಿತೂತಿಗೆ ಗಾಜಿನಂಥ ಫ್ಲಕ್ಸ್ ಬಿರಡೆಯಾಗಿ ಕೂತರೆ ಅಂಗಡಿಯಲ್ಲಿ ಸೋರುವುದಿಲ್ಲ, ತೋಟದಲ್ಲಿ ಮದ್ದಿಗೆ ಕರಗಿ ಸೋರುತ್ತದೆ.