ಎಲ್ಲ ಇರುವ ಮಗುವಿಗೆ ಹಬ್ಬಕ್ಕೆ ಏನು ಕೊಡೋದು?

ಮೈಸೂರಿನ ನಮ್ಮ ಮನೆಯ ಅಟ್ಟದ ಮೇಲೆ ಹಸಿರು ಬಣ್ಣದ ಕಬ್ಬಿಣದ ಟ್ರಂಕೊಂದಿದೆ. ನವರಾತ್ರಿಗೆ ಎರಡು ದಿನ ಇದೆ ಅನ್ನುವಾಗ ಅದು ಕೆಳಗಿಳಿಯುತ್ತದೆ. ಮಗಳಿಗೆ ನಾಲ್ಕು ತುಂಬಿದ ವರ್ಷ, ಮುಚ್ಚಳ ತೆಗೆಯುವಾಗ ಅವಳೂ ಪಕ್ಕದಲ್ಲಿ ಕೂತಿದ್ದಳು. ಹಳೇ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟಿದ್ದ ಗೊಂಬೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದೆ. "ಇವಳು ಹೋದ್ಸಲನೂ ಬಂದಿದ್ಲು!" ಅಂತ ಕೂಗಿದಳು. "ಶೆಟ್ಟಿ ಮಾಮ ಎಲ್ಲಿ? ಅವರ ಅಂಗಡಿ ಎಲ್ಲಿ?" ಅಂತ ಟ್ರಂಕಿನೊಳಗೆ ತಲೆ ಹಾಕಿ ಹುಡುಕಿದಳು. ಮೂಗಿನ ತುದಿಯ ಬಣ್ಣ ಹೋಗಿರುವ ಆ ಮಣ್ಣಿನ ಶೆಟ್ಟರು ಸಿಕ್ಕಾಗ ಎರಡೂ ಕೈಯಲ್ಲಿ ಹಿಡಿದು, ಕೆನ್ನೆಗೆ ಒತ್ತಿಕೊಂಡಳು.

ಅದೇ ವಾರ ಜರ್ಮನಿಯಿಂದ ನನ್ನ ಮೈದುನ ಕಳಿಸಿದ ದೊಡ್ಡ ಪಾರ್ಸೆಲ್ ಬಂತು. ನಾದಿನಿ ಒಂದು ಗೊಂಬೆಮನೆ ತಂದಳು. ನಾವೂ ಬಿಡದೆ ಒಂದು ಸೈಕಲ್ ಕೊಂಡಿದ್ದೆವು. ಮಗಳು ಸುತ್ತಿದ ಕಾಗದವನ್ನು ಆಸೆಯಿಂದಲೇ ಹರಿದಳು. ಒಳಗಿದ್ದದ್ದನ್ನು ನೋಡಿ ಪಕ್ಕಕ್ಕಿಟ್ಟು, "ಇನ್ನೊಂದು?" ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಾಗೆ ಕೇಳುವುದನ್ನು ಕಲಿಸಿದವರು ನಾವೇ ಅಂತ ಅರ್ಥವಾಯಿತು.

ಆಯುಧಪೂಜೆಗೆ ಮನೆ ಗುಡಿಸುವ ಹೊತ್ತಿಗೆ ಅವಳ ಆಟದ ಸಾಮಾನನ್ನೆಲ್ಲ ಹಾಲಿನಲ್ಲಿ ಸುರಿದು ಎಣಿಸಿದೆ. ನೂರನಲವತ್ತರವರೆಗೆ ಎಣಿಸಿ ನಿಲ್ಲಿಸಿದೆ. ಆಮೇಲೆ ಹತ್ತು ದಿನ ಅವಳು ಯಾವುದನ್ನು ತಾನಾಗಿ ಕೈಗೆತ್ತಿಕೊಳ್ಳುತ್ತಾಳೆ ಅಂತ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾ ಹೋದೆ. ಹನ್ನೊಂದು ಸಾಮಾನು ಬಂದವು. ಅದರಲ್ಲಿ ಮೂರು ಅಡುಗೆಮನೆಯದ್ದು: ಸ್ಟೀಲ್ ಡಬ್ಬಿಯ ಮುಚ್ಚಳ, ಸೌಟು, ತೂತು ಬಿದ್ದ ಜರಡಿ. ಉಡುಗೊರೆ ಕೊಳ್ಳುವ ಮುಂಚೆ ಯಾರೇ ಆಗಲಿ ಈ ಒಂದು ಕೆಲಸ ಮಾಡಲೇಬೇಕು ಅನ್ನುತ್ತೇನೆ. ಮಗುವಿಗೆ ಏನು ಇಷ್ಟ ಅಂತ ನಾವು ಅಂದುಕೊಂಡಿರುತ್ತೇವೋ ಅದಕ್ಕೂ ಆ ಪಟ್ಟಿಗೂ ತಾಳೆಯೇ ಆಗುವುದಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಪಟ್ಟಿಯಲ್ಲಿ ಬಾರದಿದ್ದ ಸುಮಾರು ಸಾಮಾನನ್ನು, ಅವಳು ಶಾಲೆಗೆ ಹೋಗಿದ್ದಾಗ ಮೂಟೆ ಕಟ್ಟಿ ಕೊಟ್ಟುಬಿಟ್ಟೆ. ಅದರಲ್ಲಿ ಕಿವಿ ಹರಿದ ಬಟ್ಟೆಯ ಮೊಲವೂ ಇತ್ತು. ಹತ್ತು ದಿನದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಆದರೆ ಆ ರಾತ್ರಿ ಮಲಗುವಾಗ ಮೊಲ ಬೇಕು ಅಂದಳು. ಮಾರನೇ ರಾತ್ರಿಯೂ ಕೇಳಿದಳು. ಎಲ್ಲೋ ಇದೆ, ಹುಡುಕೋಣ ಅಂತ ಮೂರು ರಾತ್ರಿ ಸುಳ್ಳು ಹೇಳಿ, ನಾಲ್ಕನೇ ರಾತ್ರಿ ನಿಜ ಹೇಳಿದೆ. ಅವಳು ಅಳಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದಳು. ನನಗೆ ಇವತ್ತಿಗೂ ಅದು ನೋವು. ಅವತ್ತಿನಿಂದ ಅವಳನ್ನು ಕೇಳದೆ ಒಂದು ಗೋಲಿಯನ್ನೂ ಮನೆಯಿಂದ ಆಚೆ ಕಳಿಸಿಲ್ಲ. ಕೊಡುವುದಿದ್ದರೆ ಅವಳೇ ಆರಿಸುತ್ತಾಳೆ, ಅವಳೇ ಕೈಯಾರೆ ಕೊಡುತ್ತಾಳೆ.

ಉಳಿದದ್ದಕ್ಕೆ ದಾರಿ ತೋರಿಸಿದ್ದು ಆ ಟ್ರಂಕೇ. ವರ್ಷವಿಡೀ ಕಣ್ಣಿಗೆ ಬೀಳದ ಗೊಂಬೆಗಳು ಒಂಬತ್ತು ದಿನ ಹೊರಗೆ ಬಂದು, ವಿಜಯದಶಮಿ ರಾತ್ರಿ ರಾಜ ರಾಣಿಯರನ್ನು ಮಲಗಿಸಿದ ಮೇಲೆ ಮತ್ತೆ ಒಳಗೆ ಹೋಗುತ್ತವಲ್ಲ, ಮಕ್ಕಳಿಗೆ ಅವು ಹಳತಾಗದೇ ಇರುವುದು ಅದರಿಂದಲೇ. ಹಾಗಾಗಿ ಆಟದ ಸಾಮಾನನ್ನು ಮೂರು ಪೆಟ್ಟಿಗೆ ಮಾಡಿದೆ. ಒಂದು ಕೆಳಗೆ, ಎರಡು ಅಟ್ಟದ ಮೇಲೆ. ಅಮಾವಾಸ್ಯೆಗೊಮ್ಮೆ ಅದಲು ಬದಲು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಆಮೇಲೆ ಓದಿದೆ. 36 ಪುಟ್ಟ ಮಕ್ಕಳಿಗೆ ಒಮ್ಮೆ ನಾಲ್ಕು ಆಟಿಕೆ, ಇನ್ನೊಮ್ಮೆ ಹದಿನಾರು ಕೊಟ್ಟು ನೋಡಿದ್ದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರಂತೆ. ನಮ್ಮ ಹಾಲಿನಲ್ಲಿ ನಾನು ಕಂಡದ್ದೂ ಅದೇ.

ಮುಂದಿನ ದಸರೆಗೆ ಮೂರು ತಿಂಗಳು ಮುಂಚೆಯೇ ಮನೆಯವರಿಗೆಲ್ಲ ಹೇಳಲು ಶುರುಮಾಡಿದೆ. ಇದು ಸುಲಭದ ಮಾತಲ್ಲ. "ನೋಡಮ್ಮ, ಇರೋಳು ಒಬ್ಬಳು ಮೊಮ್ಮಗಳು. ಹಬ್ಬದ ದಿನ ಕೈಗೆ ಏನೂ ಕೊಡಬೇಡಿ ಅಂದ್ರೆ ಹೇಗೆ?" ಅಂದರು ಅತ್ತೆ. ಅವರ ಮಾತು ನ್ಯಾಯವಾಗಿತ್ತು. ಅವರ ಕಾಲದಲ್ಲಿ ಹಬ್ಬಕ್ಕೆ ಒಂದು ರಿಬ್ಬನ್ ಸಿಕ್ಕರೆ ಹೆಚ್ಚು. ಕೊಡಬೇಡಿ ಅನ್ನುವ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. "ಅತ್ತೆ, ನೀವು ಕೊಡಿ. ಆದರೆ ಅಂಗಡಿಗೆ ಅವಳನ್ನೂ ಕರ್ಕೊಂಡು ಹೋಗಿ ಕೊಡಿಸಿ," ಅಂದೆ. ಮುಖ ಅರಳಿತು.

ಹಾಗೆ ಇಬ್ಬರೂ ನಮ್ಮ ಜೊತೆ ಚನ್ನಪಟ್ಟಣಕ್ಕೆ ಬಂದರು. ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ಕೂತಿದ್ದ ಹಿರಿಯರು ಆಲೆ ಮರದ ತುಂಡೊಂದನ್ನು ತಿರುಗಲು ಬಿಟ್ಟು, ಉಳಿಯಿಂದ ಬುಗುರಿಯ ಆಕಾರ ತೆಗೆದರು. ಆಮೇಲೆ ಹಳದಿ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದರು. ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತಿಕೊಂಡಿತು. ಅದರ ಮೇಲೆ ತಾಳೆಗರಿ ಹಿಡಿದರು, ಕನ್ನಡಿಯ ಹಾಗೆ ಮಿಂಚಿತು. ಎಲ್ಲ ಸೇರಿ ಕೆಲವೇ ನಿಮಿಷ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಆ ಬುಗುರಿ ಇನ್ನೂ ಬೆಚ್ಚಗಿರುವಾಗಲೇ ಅವಳ ಕೈಗೆ ಬಂತು. "ಅಜ್ಜಿ, ಇದು ಮರದೊಳಗೆ ಇತ್ತಾ?" ಅಂತ ಕೇಳಿದಳು. ವರ್ಷವಾದರೂ ಅದು ಕಳೆದಿಲ್ಲ. ಯಾರು ಬಂದರೂ ಅದು ಹೇಗೆ ಹುಟ್ಟಿತು ಅಂತ ಹೇಳುತ್ತಾಳೆ.

ನಮ್ಮಪ್ಪ ಕೊಟ್ಟದ್ದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಹಬ್ಬದ ಪುಳಿಯೋಗರೆ ಗೊಜ್ಜಿಗೆ ಬಿಡಿಸಿದ ಹುಣಸೆಯ ಬೀಜಗಳನ್ನು ಎತ್ತಿಟ್ಟುಕೊಂಡರು. ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಮೊಮ್ಮಗಳನ್ನು ಕೂರಿಸಿಕೊಂಡು, ಚೌಕಾಬಾರ ಆಟಕ್ಕೆ ನಾಲ್ಕು ಬೀಜಗಳನ್ನು ಒಂದೇ ಬದಿ ತೇಯಲು ಕಲಿಸಿದರು. ಕಂದು ಸಿಪ್ಪೆ ಹೋಗಿ ಬಿಳಿ ಕಾಣುವಷ್ಟರಲ್ಲಿ ಅವಳ ಬೆರಳ ತುದಿ ಕೆಂಪಾಗಿತ್ತು. ನಾಲ್ಕೂ ಬಿಳಿ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪಾದರೆ ಬಾರ, ಎಂಟು ಮನೆ. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಐದಕ್ಕೆ ಐದು ಮನೆ ಗೀಚಿ, ಕಟ್ಟೆಗಳಿಗೆ ಅಡ್ಡಗೆರೆ ಎಳೆದು, ಬಳೆಚೂರನ್ನೂ ಕಲ್ಲುಗಳನ್ನೂ ಕಾಯಿ ಮಾಡಿಕೊಂಡರು. ಮೊದಲ ದಿನ ಅವಳ ಕಾಯಿ ಕಡಿದಾಗ ಭೋ ಅಂತ ಅತ್ತಳು. ಅಪ್ಪ ಸೋತುಕೊಡಲಿಲ್ಲ. "ಪುಟ್ಟಿ, ಕಾಯಿ ಮನೆಗೆ ಹೋಯ್ತು ಅಷ್ಟೇ, ಮತ್ತೆ ಹೊರಡುತ್ತೆ," ಅಂದರು. ರಜೆ ಮುಗಿಯುವ ಹೊತ್ತಿಗೆ ಅವಳಿಗೆ ಎಂಟರವರೆಗೆ ಕೂಡುವುದು ತಾನಾಗಿ ಬಂದಿತ್ತು, ಕಾಯಿ ಹಣ್ಣಾದಾಗ ಎದ್ದು ಕುಣಿಯುವುದೂ ಬಂದಿತ್ತು. ಆ ನಾಲ್ಕು ಬೀಜಗಳು ನಮ್ಮಮ್ಮನ ಹಳೇ ಕುಂಕುಮದ ಭರಣಿಯಲ್ಲಿವೆ. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ದೂರದಲ್ಲಿರುವವರು ಏನು ಕೊಡಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ಮೈದುನನಿಗೆ ಒಂದು ದಾರಿ ಸಿಕ್ಕಿತು. 1892ರಲ್ಲಿ ಶುರುವಾದ ನಮ್ಮ ಚಾಮರಾಜೇಂದ್ರ ಮೃಗಾಲಯದಲ್ಲಿ ಪ್ರಾಣಿ ಪಕ್ಷಿಗಳನ್ನು ದತ್ತು ಪಡೆಯುವ ವ್ಯವಸ್ಥೆ ಇದೆ. ಹಣ ಕಟ್ಟಿದರೆ ಅದು ಆ ಪ್ರಾಣಿಯ ಆಹಾರ, ಆರೈಕೆಗೆ ಹೋಗುತ್ತದೆ. ಆನೆಗೆ ದೊಡ್ಡ ಮೊತ್ತ, ಪುಟ್ಟ ಹಕ್ಕಿಗಳಿಗೆ ನಮ್ಮಂಥವರ ಕೈಗೆಟುಕುವಷ್ಟು. ಅವನು ಮಗಳ ಹೆಸರಿನಲ್ಲಿ ಒಂದು ಹಕ್ಕಿಯನ್ನು ಒಂದು ವರ್ಷಕ್ಕೆ ದತ್ತು ಪಡೆದ. ಈಗ ತಿಂಗಳಿಗೊಮ್ಮೆ ನಾವು ಅಲ್ಲಿಗೆ ಹೋಗುತ್ತೇವೆ. ಮಂಗಳವಾರ ರಜೆ, ಅದನ್ನು ನೆನಪಿಟ್ಟುಕೊಳ್ಳಬೇಕು. ವಾಪಸ್ ಬಂದು ಚಿಕ್ಕಪ್ಪನಿಗೆ ವೀಡಿಯೊ ಕಾಲ್ ಮಾಡಿ, ಹಕ್ಕಿ ಏನು ಮಾಡುತ್ತಿತ್ತು ಅಂತ ವರದಿ ಒಪ್ಪಿಸುತ್ತಾಳೆ. ಮುಂಚೆ ಅವನು ಫೋನ್ ಮಾಡಿದರೆ ಎರಡು ನಿಮಿಷಕ್ಕೇ ಓಡಿಹೋಗುತ್ತಿದ್ದವಳು ಇವಳೇ.

ಎಲ್ಲವೂ ಹೀಗೆ ಕೈಹಿಡಿಯಲಿಲ್ಲ. ನಾದಿನಿ ಒಂದು ಚಿತ್ರಕಲೆ ತರಗತಿಗೆ ಸೇರಿಸಿದಳು. ಎರಡು ವಾರಕ್ಕೆ ಮಗಳು ಬೇಡ ಅಂದಳು, ನಾವೂ ಒತ್ತಾಯ ಮಾಡಲಿಲ್ಲ. ಐದು ವರ್ಷದ ಮಗುವಿಗೆ ಅನುಭವ ಕೊಡುವುದು ಅಂದರೆ ಟೈಮ್ ಟೇಬಲ್ ಕೊಡುವುದಲ್ಲ. ಪುಸ್ತಕಗಳು ಮಾತ್ರ ಎಷ್ಟಿದ್ದರೂ ನಾನು ಲೆಕ್ಕ ಹಿಡಿಯುವುದಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್‌ನವರ ಕನ್ನಡ ಚಿತ್ರಪುಸ್ತಕಗಳು ಒಂದು ಪ್ಲೇಟ್ ದೋಸೆಯ ಬೆಲೆಗೆ ಸಿಗುತ್ತವೆ.

ಆಟಿಕೆಯನ್ನೇ ಕೊಡುವುದಾದರೆ ನಾನು ಬಿಡದೆ ನೋಡುವುದು ಎರಡು. ಒಂದು ಐಎಸ್‌ಐ ಗುರುತು. 2021ರಿಂದ ಅದು ಆಟಿಕೆಗಳಿಗೆ ಕಡ್ಡಾಯ, ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೆ ವಿನಾಯಿತಿ ಇದೆ. ಇನ್ನೊಂದು ಬ್ಯಾಟರಿಯ ಮುಚ್ಚಳ, ಅದಕ್ಕೆ ಸ್ಕ್ರೂ ಇರಲೇಬೇಕು. ಗುಂಡಿಯಂಥ ಸಣ್ಣ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಹಾಡುವ ಆಟದ ಮೊಬೈಲಿನ ಮುಚ್ಚಳ ಉದುರಿ, ಅಂಥ ಬ್ಯಾಟರಿ ನಮ್ಮ ಸೋಫಾದ ಕೆಳಗೆ ಸಿಕ್ಕ ದಿನ ನನ್ನ ಕೈ ನಡುಗಿತ್ತು.

ಇನ್ನೂ ನನಗೆ ಪೂರ್ತಿ ಬಗೆಹರಿಯದ್ದು ಹುಟ್ಟುಹಬ್ಬ. ಶಾಲೆಯ ಮಕ್ಕಳು ಬರುತ್ತಾರೆ, ಇಪ್ಪತ್ತು ಡಬ್ಬಿ ಬರುತ್ತವೆ. ಪರಿಚಯ ಕಡಿಮೆ ಇರುವ ತಾಯಂದಿರಿಗೆ ಏನೂ ತರಬೇಡಿ ಅಂತ ಹೇಳುವುದು ಒರಟಾಗಿ ಕಾಣುತ್ತದೆ. ಹೋದ ಸಲ, ಪ್ರತಿ ಮಗುವೂ ಓದಿ ಮುಗಿಸಿದ ಒಂದು ಪುಸ್ತಕ ತಂದು, ಬೇರೊಬ್ಬರು ತಂದದ್ದನ್ನು ಮನೆಗೆ ಒಯ್ಯಲಿ ಅಂತ ಕೇಳಿಕೊಂಡೆ. ಹದಿಮೂರು ಮನೆಯವರು ಹಾಗೇ ಮಾಡಿದರು. ಏಳು ಡಬ್ಬಿ ಬಂದವು. ಅದರಲ್ಲಿ ಎರಡನ್ನು ಮಗಳು ಇಟ್ಟುಕೊಂಡಳು, ಮೂರು ಅಟ್ಟಕ್ಕೆ ಹೋದವು. ಉಳಿದ ಎರಡನ್ನು ಯಾರಿಗೆ ಕೊಡಬೇಕು ಅಂತ ಅವಳು ಇನ್ನೂ ಯೋಚನೆ ಮಾಡುತ್ತಿದ್ದಾಳೆ.