ಲೈವ್ ಓಡುತ್ತದೆ, ರೆಕಾರ್ಡಿಂಗ್ ತೆವಳುತ್ತದೆ: ಮನೆಯ ಡಿವಿಆರ್ ಸರಿಮಾಡುವ ಬಗೆ

ದಾವಣಗೆರೆಯ ವಿದ್ಯಾನಗರದಲ್ಲಿ ಅಪ್ಪ-ಅಮ್ಮ, ಬೆಂಗಳೂರಲ್ಲಿ ಮಕ್ಕಳು, ಮನೆ ಕಾಯಲು ನಾಲ್ಕು ಸಿಸಿ ಕ್ಯಾಮೆರಾ, ಅವುಗಳ ದೃಶ್ಯ ಬರೆದಿಡುವ ಡಿವಿಆರ್ ಡಬ್ಬಿ. ಮೊಬೈಲಲ್ಲಿ ಲೈವ್ ತೆಗೆದರೆ ಗೇಟು, ಅಂಗಳ, ಬೀದಿ ಎಲ್ಲ ಥಟ್ಟನೆ ಕಾಣುತ್ತದೆ. ನಿನ್ನೆ ಮಧ್ಯಾಹ್ನ ಮೂರಕ್ಕೆ ಗೇಟಿನ ಹತ್ತಿರ ಬಂದವರು ಯಾರು ಎಂದು ಹಿಂದಕ್ಕೆ ಹೋದರೆ ಮಾತ್ರ ಚಕ್ರ ತಿರುಗುತ್ತಲೇ ಇರುತ್ತದೆ; ಎರಡು ಸೆಕೆಂಡ್ ಓಡುತ್ತದೆ, ಹತ್ತು ಸೆಕೆಂಡ್ ನಿಲ್ಲುತ್ತದೆ. ಲೈವ್ ಚೆನ್ನಾಗಿ ಬರುತ್ತಿದೆಯಲ್ಲ, ಅಂದರೆ ನೆಟ್ ಸರಿ ಇದೆ, ಡಿವಿಆರ್ ಕೆಟ್ಟಿದೆ ಎಂದುಕೊಂಡು ಹೊಸದನ್ನೇ ತಂದು ಕೂರಿಸುವವರಿದ್ದಾರೆ. ಹೊಸದೂ ಹಾಗೇ ತೆವಳುತ್ತದೆ.

ಕಾರಣ ಇಷ್ಟು. ಪ್ರತಿ ಕ್ಯಾಮೆರಾದಿಂದ ಡಿವಿಆರ್ ಎರಡು ಬಗೆಯ ವಿಡಿಯೊ ತಯಾರಿಸುತ್ತದೆ: ದಪ್ಪನೆಯ ಮೇನ್ ಸ್ಟ್ರೀಮ್, ತೆಳ್ಳನೆಯ ಸಬ್ ಸ್ಟ್ರೀಮ್. ಮೊಬೈಲಿನ ಲೈವ್ ಸಾಮಾನ್ಯವಾಗಿ ಸಬ್ ಸ್ಟ್ರೀಮ್‌ನಲ್ಲಿ ಬರುತ್ತದೆ, ಅದಕ್ಕೆ 256ರಿಂದ 512 ಕೆಬಿಪಿಎಸ್ ಸಾಕು (ಸೆಕೆಂಡಿಗೆ ಹರಿಯುವ ಡೇಟಾದ ಅಳತೆ; ಸುಮಾರು 1000 ಕೆಬಿಪಿಎಸ್ ಅಂದರೆ 1 ಎಂಬಿಪಿಎಸ್). ಹಾರ್ಡ್ ಡಿಸ್ಕಿಗೆ ಬರೆಯುವುದು ಮೇನ್ ಸ್ಟ್ರೀಮ್. 2 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಅದು 2 ಎಂಬಿಪಿಎಸ್ ಅಥವಾ ಅದಕ್ಕೂ ಹೆಚ್ಚು. ಅಂದರೆ ಪ್ಲೇಬ್ಯಾಕ್ ಒತ್ತಿದಾಗ ಲೈವ್‌ಗಿಂತ ನಾಲ್ಕರಿಂದ ಎಂಟು ಪಟ್ಟು ಡೇಟಾ ನಿಮ್ಮ ಮನೆಯಿಂದ ಹೊರಗೆ ಹೋಗಬೇಕು. ಮನೆಯ ಅಪ್‌ಲೋಡ್ 1 ಎಂಬಿಪಿಎಸ್ ಇದ್ದರೆ ಒಂದು ನಿಮಿಷದ ರೆಕಾರ್ಡಿಂಗ್ ಬರಲು ಎರಡು ನಿಮಿಷ ಬೇಕು. ಲೈವ್ ಪರೀಕ್ಷೆ ಪಾಸಾಯಿತು ಎಂದರೆ ಪ್ಲೇಬ್ಯಾಕ್ ಪಾಸಾಯಿತು ಅಂತಲ್ಲ.

ಮೊದಲು ತೊಂದರೆ ಎಲ್ಲಿದೆ ಎಂದು ಹಿಡಿಯಿರಿ

ಸೆಟ್ಟಿಂಗ್ ಮುಟ್ಟುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ. ಒಂದೇ ಕ್ಯಾಮೆರಾ, ಒಂದೇ ದಿನ, ಒಂದೇ ಸಮಯದ ತುಣುಕನ್ನು ಆರಿಸಿಕೊಂಡು ಮೂರು ಕಡೆ ಓಡಿಸಿ.

1. ಡಿವಿಆರ್‌ಗೆ ಟಿವಿ ಅಥವಾ ಮಾನಿಟರ್ ಜೋಡಿಸಿ, ಮೌಸ್ ಹಿಡಿದು ಅಲ್ಲೇ ಓಡಿಸಿ. ಇಲ್ಲೂ ತಡವರಿಸಿದರೆ ಇಂಟರ್ನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಡಿಸ್ಕ್ ಅಥವಾ ಅಡಾಪ್ಟರ್ ನೋಡಿ.
2. ಮನೆಯ ವೈಫೈನಲ್ಲೇ ಮೊಬೈಲ್ ಆ್ಯಪ್ ತೆರೆದು ಓಡಿಸಿ. ಟಿವಿಯಲ್ಲಿ ಸರಾಗ, ಇಲ್ಲಿ ತೊಡಕು ಎಂದಾದರೆ ಡಿವಿಆರ್‌ನಿಂದ ರೂಟರ್‌ವರೆಗಿನ ವೈರು, ವೈಫೈ ಅಥವಾ ಫೋನ್ ಕಾರಣ.
3. ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಓಡಿಸಿ. ಇಲ್ಲಿ ಮಾತ್ರ ನಿಧಾನವಾದರೆ ಅಪ್‌ಲೋಡ್ ಅಥವಾ ಡಿವಿಆರ್ ಕಂಪನಿಯ ಸರ್ವರ್ ಸುತ್ತಿ ಬರುವ ದಾರಿ ಕಾರಣ.

ಮೂರನೆಯದರಲ್ಲಿ ಒಂದು ಉಪಾಯ: ಬೆಂಗಳೂರಲ್ಲಿರುವ ಮಗನಿಗೆ ಅದೇ ತುಣುಕನ್ನು ಒಮ್ಮೆ ಮೊಬೈಲ್ ಡೇಟಾದಲ್ಲಿ, ಒಮ್ಮೆ ಅಲ್ಲಿನ ವೈಫೈನಲ್ಲಿ ನೋಡಲು ಹೇಳಿ. ವೈಫೈನಲ್ಲಿ ಸರಾಗವಾಗಿ ಬಂದರೆ ನಿಮ್ಮ ಮನೆಯ ತಪ್ಪೇನಿಲ್ಲ.

ಅಪ್‌ಲೋಡ್ ಅಳೆಯಿರಿ

"ನಮ್ಮದು 100 ಎಂಬಿಪಿಎಸ್ ಪ್ಲಾನ್" ಎಂಬ ಮಾತು ಬಹಳ ಸಲ ಡೌನ್‌ಲೋಡಿನದು. ಸ್ಪೀಡ್ ಟೆಸ್ಟ್ ಮಾಡಿದಾಗ ಎರಡನೇ ಸಂಖ್ಯೆ ನೋಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟೂವರೆಗೆ ಒಮ್ಮೆ. ತಿಂಗಳ ಡೇಟಾ ಮಿತಿ ಮುಗಿದ ಮೇಲೆ ವೇಗ ಇಳಿಸುವ ಪ್ಲಾನ್‌ಗಳೂ ಇವೆ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ಪ್ಲೇಬ್ಯಾಕ್ ಕೈಕೊಡುತ್ತಿದ್ದರೆ ಅನುಮಾನ ಅಲ್ಲಿಗೇ ಹೋಗಲಿ. ಒಂದು ಕ್ಯಾಮೆರಾದ ಮೇನ್ ಸ್ಟ್ರೀಮ್ ಸರಾಗವಾಗಿ ನೋಡಲು ಅದರ ಬಿಟ್‌ರೇಟಿನ (ಸೆಕೆಂಡಿಗೆ ಎಷ್ಟು ಡೇಟಾ ಎಂಬುದರ) ಒಂದೂವರೆ ಪಟ್ಟು ಅಪ್‌ಲೋಡ್ ಇರಲಿ: 2 ಎಂಬಿಪಿಎಸ್‌ಗೆ 3.

ಚನ್ನಗಿರಿ ಕಡೆಯ ಅಡಿಕೆ ತೋಟ, ಭೀಮಸಮುದ್ರದ ಅಡಿಕೆ ಕಣ ಇಂಥ ಕಡೆ ಸಿಮ್ ಹಾಕುವ 4ಜಿ ರೂಟರ್ ಇಟ್ಟಿರುತ್ತಾರೆ. ಅಲ್ಲಿ ಅಪ್‌ಲೋಡ್ ಹೊತ್ತಿಗೊಂದು ಬಗೆ. ರೂಟರನ್ನು ಡಿವಿಆರ್ ಪಕ್ಕದಲ್ಲೇ, ತಗಡಿನ ಶೆಡ್ಡಿನ ಒಳಗೆ ಇಡಬೇಡಿ. ತಗಡು ಸಿಗ್ನಲ್ ತಡೆಯುತ್ತದೆ. ಕಿಟಕಿ ಅಥವಾ ಎತ್ತರದ ಜಾಗಕ್ಕೆ ರೂಟರ್ ಹೋಗಲಿ, ಅಲ್ಲಿಂದ ಡಿವಿಆರ್‌ಗೆ ಲ್ಯಾನ್ ವೈರ್ ಎಳೆಯಿರಿ. ಆ ವೈರು 100 ಮೀಟರ್ ಒಳಗಿರಲಿ.

ನಿಜವಾದ ಮದ್ದು: ಸಬ್ ಸ್ಟ್ರೀಮನ್ನೂ ರೆಕಾರ್ಡ್ ಮಾಡಿಸಿ

ಹೆಚ್ಚಿನ ಮನೆಗಳಲ್ಲಿ ಇದೊಂದರಿಂದಲೇ ಕೆಲಸ ಮುಗಿಯುತ್ತದೆ, ಆದರೆ ಅಳವಡಿಸಲು ಬಂದವರು ಇದನ್ನು ಆನ್ ಮಾಡಿ ಹೋಗುವುದು ಅಪರೂಪ. ದಾಹುವಾ ಮತ್ತು ಅದೇ ಬಗೆಯ ಮೆನು ಇರುವ ಡಿವಿಆರ್‌ಗಳಲ್ಲಿ ಸ್ಟೋರೇಜ್ ಒಳಗೆ ರೆಕಾರ್ಡ್ ಮೋಡ್‌ಗೆ ಹೋದರೆ ಮೇನ್ ಸ್ಟ್ರೀಮ್, ಸಬ್ ಸ್ಟ್ರೀಮ್ ಎಂದು ಎರಡು ಸಾಲು ಕಾಣುತ್ತವೆ; ಎರಡನೆಯದೂ 'ಆಟೋ' ಆಗಲಿ. ಹೈಕ್‌ವಿಷನ್‌ನಲ್ಲಿ ರೆಕಾರ್ಡಿಂಗ್ ಸೆಟ್ಟಿಂಗ್ ಒಳಗೆ 'ಡ್ಯುಯಲ್ ಸ್ಟ್ರೀಮ್' ಎಂಬ ಆಯ್ಕೆ ಇರುತ್ತದೆ. ಆಮೇಲೆ ಆ್ಯಪ್‌ನ ಪ್ಲೇಬ್ಯಾಕ್ ಪರದೆಯಲ್ಲಿ ಎಚ್‌ಡಿ ಬದಲು ಎಸ್‌ಡಿ ಅಥವಾ ಸಬ್ ಆರಿಸಿ. ಮುಖ ಸ್ಪಷ್ಟವಾಗಿ ಬೇಕಾದ ಹದಿನೈದು ಸೆಕೆಂಡಿಗೆ ಮಾತ್ರ ಎಚ್‌ಡಿಗೆ ಹೋಗಿ.

ಇವತ್ತು ಆನ್ ಮಾಡಿದರೆ ಇವತ್ತಿನಿಂದ ಮುಂದಿನದಕ್ಕಷ್ಟೇ. ನಿನ್ನೆಯ ರೆಕಾರ್ಡಿಂಗ್ ಮೇನ್‌ನಲ್ಲಿ ಮಾತ್ರ ಇದೆ, ಅದು ಭಾರವಾಗಿಯೇ ಬರುತ್ತದೆ.

ಡಿಸ್ಕಿನ ಲೆಕ್ಕವನ್ನೂ ಮಾಡಿಕೊಳ್ಳಿ. 1 ಎಂಬಿಪಿಎಸ್ ಎಂದರೆ ದಿನಕ್ಕೆ 10.8 ಜಿಬಿ. ನಾಲ್ಕು ಕ್ಯಾಮೆರಾ, ತಲಾ 2 ಎಂಬಿಪಿಎಸ್: ದಿನಕ್ಕೆ 86.4 ಜಿಬಿ, 1 ಟಿಬಿ ಡಿಸ್ಕಿನಲ್ಲಿ ಸುಮಾರು 11 ದಿನ ಉಳಿಯುತ್ತದೆ. ತಲಾ 512 ಕೆಬಿಪಿಎಸ್ ಸಬ್ ಸ್ಟ್ರೀಮ್ ಸೇರಿದರೆ ದಿನಕ್ಕೆ ಇನ್ನೊಂದು 22 ಜಿಬಿ ಹತ್ತಿರ. ಉಳಿಯುವುದು 9 ದಿನ. ಎರಡು ದಿನ ಕಳೆದುಕೊಂಡು ನೋಡಲು ಬರುವ ರೆಕಾರ್ಡಿಂಗ್ ಪಡೆಯುವುದು ನಷ್ಟದ ವ್ಯಾಪಾರವಲ್ಲ.

ಎನ್‌ಕೋಡ್ ಪುಟದ ಸಂಖ್ಯೆಗಳು

ವಿಡಿಯೊದ ಗುಣಮಟ್ಟ ಹೊಂದಿಸುವ ಪುಟ ಇದು, ಡಿವಿಆರ್ ಮೆನುವಿನಲ್ಲಿರುತ್ತದೆ. ಮನೆಗೆ ಸಾಕಾಗುವ ಹದ: ಮೇನ್‌ಗೆ 1080ಪಿ, ಸೆಕೆಂಡಿಗೆ 15 ಫ್ರೇಮ್ (ಚಿತ್ರ), ಎಚ್.265 (ವಿಡಿಯೊ ಕುಗ್ಗಿಸುವ ಹೊಸ ವಿಧಾನ) ಇದ್ದರೆ 1024ರಿಂದ 1536 ಕೆಬಿಪಿಎಸ್. ಬರೀ ಹಳೆಯ ಎಚ್.264 ಇದ್ದರೆ 2048 ಇಡಿ. ಸಬ್‌ಗೆ 10 ಫ್ರೇಮ್, 384ರಿಂದ 512. ಫ್ರೇಮನ್ನು 25ಕ್ಕೆ ಏರಿಸುವುದು ಮನೆ ಗೇಟಿಗೆ ಬೇಡದ ಆಡಂಬರ.

ಇದೇ ಪುಟದಲ್ಲಿ ಐ-ಫ್ರೇಮ್ ಅಂತರ ಎಂಬುದೊಂದು ಇರುತ್ತದೆ, ಯಾರೂ ಅದನ್ನು ಮುಟ್ಟುವುದಿಲ್ಲ. ಐ-ಫ್ರೇಮ್ ಅಂದರೆ ಪೂರ್ತಿ ಚಿತ್ರ. ಅದರ ನಂತರದ ಫ್ರೇಮ್‌ಗಳು ಏನು ಬದಲಾಯಿತೆಂಬುದನ್ನಷ್ಟೇ ಹೊತ್ತಿರುತ್ತವೆ. ನೀವು ಟೈಮ್‌ಲೈನ್ ಎಳೆದು 3:10ಕ್ಕೆ ಬಿಟ್ಟಾಗ ಹತ್ತಿರದ ಪೂರ್ತಿ ಚಿತ್ರ ಸಿಗುವವರೆಗೆ ಆ್ಯಪ್ ಏನನ್ನೂ ತೋರಿಸಲಾರದು. 15 ಫ್ರೇಮ್ ಇದ್ದರೆ ಅಂತರ 30 ಇಡಿ, ಅಂದರೆ ಎರಡು ಸೆಕೆಂಡಿಗೊಂದು. ಎಚ್.265+ ಅಥವಾ ಸ್ಮಾರ್ಟ್ ಕೋಡೆಕ್ ಆನ್ ಆಗಿದ್ದರೆ ಡಿಸ್ಕ್ ಉಳಿಸಲು ಈ ಅಂತರವನ್ನು ಅದೇ ಬಹಳ ಹಿಗ್ಗಿಸಿಬಿಡುತ್ತದೆ. ಓಡುವಾಗ ಸರಿ, ಎಳೆದಾಗಲೆಲ್ಲ ಕಾಯಬೇಕು ಎಂಬ ಲಕ್ಷಣ ಕಂಡರೆ ಆ ಪ್ಲಸ್ ಆಫ್ ಮಾಡಿ, ಬರೀ ಎಚ್.265 ಉಳಿಸಿ.

ರಾತ್ರಿಯ ರೆಕಾರ್ಡಿಂಗ್ ಮಾತ್ರ ನಿಧಾನವೇ? ಕತ್ತಲಲ್ಲಿ ಚಿತ್ರದ ತುಂಬ ಕಾಳುಕಾಳು ಬರುತ್ತದೆ, ಅದೆಲ್ಲ ಚಲನೆ ಎಂದೇ ಲೆಕ್ಕ. ಬಿಟ್‌ರೇಟ್ ಬದಲಾಗುವ ವಿಬಿಆರ್ ಇದ್ದರೆ ಅದು ಮಿತಿಯವರೆಗೂ ಏರುತ್ತದೆ. ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದ್ದರಂತೂ ಕೇಳುವುದೇ ಬೇಡ. ಬಟ್ಟೆಯಲ್ಲಿ ಒರೆಸಿ, ಗರಿಷ್ಠ ಬಿಟ್‌ರೇಟ್ ಇಳಿಸಿ.

ಎಚ್.265ಕ್ಕೆ ಬದಲಾಯಿಸಿದ ಮೇಲೆ ಅಪ್ಪನ ಹಳೇ ಫೋನಿನಲ್ಲಿ ಮಾತ್ರ ತಡವರಿಸಿದರೆ ಆ ಫೋನಿಗೆ ಅದನ್ನು ಬಿಡಿಸುವ ಶಕ್ತಿಯಿಲ್ಲ. ಆ್ಯಪ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಯ್ಕೆಯಿದ್ದರೆ ಆನ್ ಮಾಡಿ. ಇಲ್ಲದಿದ್ದರೆ ಸಬ್ ಸ್ಟ್ರೀಮನ್ನು ಎಚ್.264ರಲ್ಲೇ ಇರಿಸಿ.

ಟಿವಿಯಲ್ಲೇ ತಡವರಿಸಿದರೆ

ಡಿವಿಆರ್‌ನ ಡಿಸ್ಕ್ ಪುಟದಲ್ಲಿ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆರೆಯಿರಿ. 5 ಮತ್ತು 197ನೇ ಸಾಲುಗಳ ಮೂಲ ಸಂಖ್ಯೆ ಸೊನ್ನೆ ಇರಬೇಕು. 197 ಏರುತ್ತಿದ್ದರೆ ಓದಲಾಗದ ಜಾಗಗಳು ಹೆಚ್ಚುತ್ತಿವೆ: ಡಿವಿಆರ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೋಗಿ ನಿಂತುಬಿಡುತ್ತದೆ. ಫಾರ್ಮ್ಯಾಟ್ ಮಾಡಿದರೆ ಸ್ವಲ್ಪ ದಿನ ಸರಿಹೋದಂತೆ ಕಾಣಬಹುದು, ಅಷ್ಟೆ. ಬದಲಿಸುವಾಗ ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥ ಕಣ್ಗಾವಲಿಗೆಂದೇ ಮಾಡಿದ ಡಿಸ್ಕ್ ಹಾಕಿ. ಹಳೇ ಕಂಪ್ಯೂಟರಿಂದ ತೆಗೆದದ್ದು ಹಗಲೂ ರಾತ್ರಿ ಬರೆಯುವ ಕೆಲಸಕ್ಕೆ ಆಗಿಬರುವುದಿಲ್ಲ.

ಡಿಸ್ಕ್ ಚೆನ್ನಾಗಿದ್ದೂ 'ಕಟಕ್' ಎಂದು ನಿಂತು ಮತ್ತೆ ತಿರುಗುತ್ತಿದ್ದರೆ 12 ವೋಲ್ಟ್ ಅಡಾಪ್ಟರ್ ಬದಲಿಸಿ ನೋಡಿ. ಡಿವಿಆರ್ ಹಿಂಭಾಗದಲ್ಲಿ ಬರೆದಿರುವ ಆಂಪಿಯರ್‌ಗಿಂತ ಕಡಿಮೆಯದು ಬೇಡ, ಕ್ಯಾಮೆರಾಗಳ ಪವರ್ ಸಪ್ಲೈನಿಂದ ಡಿವಿಆರ್‌ಗೂ ಕವಲು ತೆಗೆಯಬೇಡಿ. ಬೆಸ್ಕಾಂ ಕರೆಂಟ್ ಹೋಗಿ ಬಂದಾಗಲೆಲ್ಲ ಡಿಸ್ಕ್ ಅರ್ಧ ಬರೆದಲ್ಲೇ ನಿಲ್ಲುತ್ತದೆ. ಡಿವಿಆರ್, ಫೈಬರ್ ಡಬ್ಬಿ, ರೂಟರ್ ಮೂರೂ ಒಂದೇ ಯುಪಿಎಸ್ ಮೇಲೆ ಇರಲಿ.

ಬಿಸಿಲೂರು ನಮ್ಮದು. ಏಪ್ರಿಲ್‌ನಲ್ಲಿ ಅಟ್ಟದ ಮೇಲೆ, ಬೀರುವಿನ ಒಳಗೆ ಬೀಗ ಹಾಕಿಟ್ಟ ಡಿವಿಆರ್ ಬೇಯುತ್ತದೆ. ಸ್ಮಾರ್ಟ್ ವರದಿಯ 194ನೇ ಸಾಲು ಡಿಸ್ಕಿನ ಶಾಖ ಹೇಳುತ್ತದೆ. 50 ಡಿಗ್ರಿ ಒಳಗಿದ್ದರೆ ಒಳ್ಳೆಯದು. ಮಂಡಕ್ಕಿ ಭಟ್ಟಿಗಳ ಕಡೆಯ ಮನೆಗಳಲ್ಲಿ ಮಸಿ-ಧೂಳು ಕಿಂಡಿಗಳನ್ನು ಬೇಗ ಮುಚ್ಚುತ್ತದೆ. ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಬ್ರಷ್ಷಿನಲ್ಲಿ ಗುಡಿಸಿ.

ವೈರು ಮತ್ತು ಸರ್ವರ್ ದಾರಿ

ಡಿವಿಆರ್‌ಗೆ ವೈಫೈ ಡಾಂಗಲ್ ಹಾಕಿದ್ದರೆ ತೆಗೆದು ಲ್ಯಾನ್ ವೈರ್ ಎಳೆಯಿರಿ. ರೂಟರ್ ಪುಟದಲ್ಲಿ ಆ ವೈರಿನ ಪೋರ್ಟ್ ವೇಗ 100ರ ಬದಲು 10 ಎಂದು ತೋರಿಸಿದರೆ ಕ್ರಿಂಪ್ (ವೈರಿಗೆ ಜಾಕ್ ಒತ್ತಿದ ಜಾಗ) ಸಡಿಲವಿರಬಹುದು. ಎರಡೂ ತುದಿಯ ಜಾಕ್ ಹೊಸದಾಗಿ ಒತ್ತಿಸಿ.

ರೂಟರ್‌ನ ವ್ಯಾನ್ ವಿಳಾಸ (ಇಂಟರ್ನೆಟ್ ಕಡೆಯದು) 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಹಲವು ಮನೆಗಳ ಜೊತೆ ಒಂದೇ ಹೊರ ವಿಳಾಸ ಹಂಚಿಕೊಂಡಿದ್ದೀರಿ. ಫೋನು ಡಿವಿಆರ್‌ಗೆ ನೇರ ದಾರಿ ಸಿಗದೆ ಹೋದಾಗ ವಿಡಿಯೊ ಕಂಪನಿಯ ಸರ್ವರ್ ಸುತ್ತಿ ಬರುತ್ತದೆ, ಅಲ್ಲಿ ವೇಗಕ್ಕೆ ಮಿತಿ. ಕೇಬಲ್ ನೆಟ್‌ನವರ ಹತ್ತಿರ ಪಬ್ಲಿಕ್ ಐಪಿ (ನಿಮಗೊಬ್ಬರಿಗೇ ಸೇರಿದ ಹೊರ ವಿಳಾಸ) ಕೇಳಬಹುದು, ಅದಕ್ಕೆ ಬೇರೆ ದುಡ್ಡು ಹಿಡಿಯುತ್ತಾರೆ. ಪಬ್ಲಿಕ್ ಐಪಿ ಸಿಕ್ಕಿತೆಂದು 37777, 8000 ಪೋರ್ಟ್‌ಗಳನ್ನು (ಡಿವಿಆರ್‌ಗೆ ಒಳಬರುವ ಬಾಗಿಲುಗಳು) ಲೋಕಕ್ಕೆಲ್ಲ ತೆರೆದಿಡಬೇಡಿ: 2016ರ ಮಿರಾಯ್ ಎಂಬ ಸೈಬರ್ ದಾಳಿ ಸಾಗಿದ್ದೇ ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್‌ಗಳ ಮೂಲಕ. ರೂಟರಲ್ಲೇ ವಿಪಿಎನ್ (ಬೀಗ ಹಾಕಿದ ಖಾಸಗಿ ದಾರಿ) ಇದ್ದರೆ ಅದರ ಮೂಲಕ ಒಳಗೆ ಬನ್ನಿ.

ನೋಡುವ ರೀತಿ

ನಾಲ್ಕು ಕ್ಯಾಮೆರಾ ಒಟ್ಟಿಗೆ ಪ್ಲೇಬ್ಯಾಕ್ ಹಾಕಿದರೆ ನಾಲ್ಕು ಪಟ್ಟು ಡೇಟಾ ಬೇಕು. ಅದನ್ನೇ 8ಎಕ್ಸ್‌ನಲ್ಲಿ ಓಡಿಸಿದರೆ ಇನ್ನೂ ಹೆಚ್ಚು. ಒಂದೇ ಕ್ಯಾಮೆರಾ, ಮೋಷನ್ ಗುರುತು ಇರುವ ಜಾಗಕ್ಕೆ ನೇರ ಜಿಗಿತ. ಮನೆಯಲ್ಲಿ ಇನ್ನೊಬ್ಬರು ಲೈವ್ ಇಟ್ಟುಕೊಂಡಿದ್ದರೆ ಮುಚ್ಚಿಸಿ. ಹುಡುಕಿದ ಹೊತ್ತಿಗೆ ರೆಕಾರ್ಡಿಂಗೇ ಇಲ್ಲ ಎಂದು ಬಂದರೆ ಡಿವಿಆರ್ ಗಡಿಯಾರ ನೋಡಿ; ಟೈಮ್ ಝೋನ್ 5:30 ಇರಲಿ, ಎನ್‌ಟಿಪಿ (ಇಂಟರ್ನೆಟ್ ಸಮಯಕ್ಕೆ ಗಡಿಯಾರ ಹೊಂದಿಸುವುದು) ಆನ್ ಇರಲಿ.

ಪೊಲೀಸರಿಗೆ ಕೊಡಬೇಕಾದ ತುಣುಕನ್ನು ದೂರದಿಂದ ಎಳೆಯುವ ಕಷ್ಟ ಬೇಡ. 2 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಅಂದರೆ 900 ಎಂಬಿ. ಮನೆಯಲ್ಲಿರುವವರು ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಡಿವಿಆರ್‌ಗೆ ಸಿಕ್ಕಿಸಿ, ಬ್ಯಾಕಪ್‌ನಲ್ಲಿ ಸಮಯ ಕೊಟ್ಟು, ಎಂಪಿ4 ಆರಿಸಿ ಇಳಿಸಿಕೊಳ್ಳಲಿ. ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ, ಆದ್ದರಿಂದ ಘಟನೆ ನಡೆದ ದಿನವೇ ಇಳಿಸಿ.