ಕುಮಾರಪರ್ವತ: ಇಬ್ಬರೇ ಹೋಗಿ ಒಂದೇ ಹಗಲಲ್ಲಿ ಇಳಿದು ಬರುವುದು ಹೇಗೆ?

ಕುಕ್ಕೆ ಸುಬ್ರಹ್ಮಣ್ಯದ ರಥಬೀದಿ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಕುಮಾರಪರ್ವತದ ತುದಿ 1,712 ಮೀಟರ್. ನಡುವೆ ಹೆಚ್ಚುಕಡಿಮೆ 13 ಕಿಲೋಮೀಟರಿನ ಕಾಲುದಾರಿ. ಹೋಗಿ ಬರುವುದೆಂದರೆ 26 ಕಿ.ಮೀ. ನಡಿಗೆ, 1,600 ಮೀಟರಿನಷ್ಟು ಏರು, ಅಷ್ಟೇ ಇಳಿತ. ಹಿಂದೆಲ್ಲ ಟೆಂಟ್ ಹೊತ್ತು ಹೋಗಿ, ನಡುದಾರಿಯ ಗಿರಿಗದ್ದೆಯಲ್ಲಿ ರಾತ್ರಿ ಕಳೆದು, ಎರಡು ದಿನದಲ್ಲಿ ಮುಗಿಸುತ್ತಿದ್ದರು. ಈಗ ಬೆಟ್ಟವಿರುವ ಪುಷ್ಪಗಿರಿ ಅಭಯಾರಣ್ಯದೊಳಗೆ ಟೆಂಟ್ ಹೊಡೆಯಲು ಬಿಡುವುದಿಲ್ಲ. ಹಾಗಾಗಿ ಎರಡು ದಿನದ ಚಾರಣ ಒಂದು ಹಗಲಿಗೆ ಇಳಿದಿದೆ, ಬೆಟ್ಟದ ಎತ್ತರ ಮಾತ್ರ ಇಳಿದಿಲ್ಲ.

ಇದು ಮೊದಲ ಚಾರಣಕ್ಕೆ ಆಗುವ ಬೆಟ್ಟವಲ್ಲ. ನಿಮ್ಮ ಕಾಲಿಗೆ ಶಕ್ತಿ ಇದೆಯೇ ಎಂದು ತಿಳಿಯಬೇಕಾದರೆ ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರದೆಂಟು ಮೆಟ್ಟಿಲನ್ನು ಒಂದೇ ಬೆಳಿಗ್ಗೆ ಮೂರು ಸಲ ಹತ್ತಿ ಇಳಿದು ನೋಡಿ. ಹತ್ತಿದ್ದಕ್ಕಿಂತ ಇಳಿದದ್ದನ್ನು ಗಮನಿಸಿ. ಮರುದಿನ ಮನೆಯ ಮೆಟ್ಟಿಲು ಇಳಿಯುವಾಗ ಕೈ ಗೋಡೆ ಹುಡುಕುತ್ತಿದ್ದರೆ ಇನ್ನೂ ಒಂದೂವರೆ ತಿಂಗಳ ಅಭ್ಯಾಸ ಬೇಕು.

ಮೊದಲು ಪರವಾನಗಿ, ಆಮೇಲೆ ರಜೆ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನೀವೂ ನೋಡಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದು, ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಬುಕಿಂಗ್ ಕಡ್ಡಾಯ ಮಾಡಿತು. ಆಫೀಸಿನಲ್ಲಿ ರಜೆ ಹಾಕಿ, ಬಸ್ ಟಿಕೆಟ್ ತೆಗೆದು, ಕೊನೆಗೆ ಜಾಲತಾಣ ತೆರೆಯುವವರು ಬಹಳ ಮಂದಿ. ಕ್ರಮ ತಿರುಗಿಸಿ. ಬುಕ್ ಮಾಡುವಾಗ ಯಾವ ಕಡೆಯ ದ್ವಾರ ಎಂಬುದನ್ನು ಎರಡು ಸಲ ಓದಿ. ಬೆಟ್ಟಕ್ಕೆ ದಕ್ಷಿಣ ಕನ್ನಡದ ಕುಕ್ಕೆಯಿಂದ ಒಂದು ದಾರಿ, ಕೊಡಗಿನ ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದ ಇನ್ನೊಂದು ದಾರಿ ಇದೆ. ಬೀದಹಳ್ಳಿ ದಾರಿ ಸುಮಾರು 7 ಕಿ.ಮೀ., ಹೊರಡುವ ಜಾಗವೇ ಎತ್ತರದಲ್ಲಿರುವುದರಿಂದ ಏರು ಅರ್ಧಕ್ಕರ್ಧ ಕಡಿಮೆ. ಸ್ವಂತ ಕಾರಿದ್ದು, ತುದಿ ಮುಟ್ಟುವುದಷ್ಟೇ ಗುರಿಯಾದರೆ ಅದೇ ಸರಿ. ಹುಲ್ಲಿನ ಏಣಿನ (ಬೆಟ್ಟಸಾಲಿನ ನೆತ್ತಿಯ) ಮೇಲೆ ಗಂಟೆಗಟ್ಟಲೆ ನಡೆಯುವ ಸುಖ ಬೇಕೆಂದರೆ ಮಾತ್ರ ಕುಕ್ಕೆ. ಈ ಲೇಖನ ಕುಕ್ಕೆಯವರಿಗೆ.

ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಶುರುವಾದಾಗಲೂ ಮುಚ್ಚುತ್ತಾರೆ. ಉಳಿಯುವುದು ಮಳೆ ನಿಂತ ಮೇಲಿನ ನಾಲ್ಕು ತಿಂಗಳು. ಅದರಲ್ಲಿ ನನ್ನ ಮತ ಡಿಸೆಂಬರಿಗೆ: ಉಂಬಳ (ಜಿಗಣೆ) ಕಡಿಮೆಯಾಗಿರುತ್ತದೆ, ಝರಿಯಲ್ಲಿ ನೀರು ಇನ್ನೂ ಇರುತ್ತದೆ. ಮಾರ್ಗಶಿರ ಶುದ್ಧ ಷಷ್ಠಿಯ ಆಸುಪಾಸು ಮಾತ್ರ ಬೇಡ. ಚಂಪಾಷಷ್ಠಿ ಜಾತ್ರೆಗೆ ಊರಿಗೆ ಊರೇ ತುಂಬಿರುತ್ತದೆ, ವಸತಿಗೃಹದಲ್ಲಿ ಕೋಣೆ ಸಿಕ್ಕರೆ ಅದು ಸುಬ್ರಹ್ಮಣ್ಯನ ಕೃಪೆ.

ರಾತ್ರಿ ಬಸ್ಸಿಳಿದು ನೇರ ಬೆಟ್ಟಕ್ಕೆ ನಡೆಯುವ ಚಟ ನಮ್ಮ ಬೆಂಗಳೂರಿನವರಿಗಿದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಎರಡು ಗಂಟೆ ನಿದ್ದೆ ಮಾಡಿ 26 ಕಿ.ಮೀ. ನಡೆಯಬೇಡಿ. ಹಿಂದಿನ ದಿನವೇ ಬಂದು, ಬೇಗ ಉಂಡು, ಒಂಬತ್ತಕ್ಕೆ ಮಲಗಿ. ರೈಲಿನಲ್ಲಿ ಬರುವವರಿಗೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ, ದೇವಸ್ಥಾನದಿಂದ ಹತ್ತು-ಹನ್ನೆರಡು ಕಿಲೋಮೀಟರ್ ಆಚೆ ಎಂಬುದು ನೆನಪಿರಲಿ.

ಗಡಿಯಾರದ ಜತೆ ಒಪ್ಪಂದ

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹೇಳಿದ ಲೆಕ್ಕವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ. ಐದು ಕಿ.ಮೀ. ನಡೆಯಲು ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನಮ್ಮ ಬೆಟ್ಟಕ್ಕೆ ಹಾಕಿ ನೋಡಿ: 13 ಕಿ.ಮೀ.ಗೆ ಎರಡೂವರೆ ಗಂಟೆ ದಾಟುತ್ತದೆ, 1,600 ಮೀಟರ್ ಏರಿಗೆ ಎರಡು ಮುಕ್ಕಾಲು. ಎಲ್ಲೂ ಕೂರದೆ, ಫೋಟೊ ತೆಗೆಯದೆ ಐದೂಕಾಲು ಗಂಟೆ. ಕೂತು ಎದ್ದು ಹೋದರೆ ಆರೂಕಾಲು. ಇಳಿಯಲು ನಾಲ್ಕೂ ಮುಕ್ಕಾಲು ಇಟ್ಟುಕೊಳ್ಳಿ. ತುದಿಯಲ್ಲಿ ಅರ್ಧ ಗಂಟೆ. ಒಟ್ಟು ಹನ್ನೊಂದೂವರೆ. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟಿ ಮುಳುಗುವ ನಡುವಿನ ಹೊತ್ತೂ ಹೆಚ್ಚುಕಡಿಮೆ ಅಷ್ಟೇ!

ಹಾಗಾದರೆ ನಾಲ್ಕು ಗಂಟೆಗೇ ಟಾರ್ಚ್ ಹಿಡಿದು ಹೊರಟರಾಯಿತಲ್ಲ ಎನ್ನಬೇಡಿ. ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು, ಆನೆ ಓಡಾಡುವ ಜಾಗ. ಕತ್ತಲಲ್ಲಿ ಆನೆ ಕಾಣುವುದಕ್ಕಿಂತ ಮೊದಲು ಆನೆಗೆ ನೀವು ಕಂಡಿರುತ್ತೀರಿ. ದಾರಿ ಕಣ್ಣಿಗೆ ಸ್ಪಷ್ಟವಾಗುವಷ್ಟು ಬೆಳಕಾದ ಮೇಲೆ, ಇಲಾಖೆಯವರು ಬಿಡುವ ಹೊತ್ತಿಗೆ, ಮೊದಲಿಗರಾಗಿ ಹೊರಡಿ. ಆರೂಕಾಲಕ್ಕೆ ಹೊರಟರೆ ಗಿರಿಗದ್ದೆಯ ಭಟ್ಟರ ಮನೆ ಎಂಟೂ ಮುಕ್ಕಾಲು, ಕಲ್ಲುಮಂಟಪ ಹತ್ತು, ತುದಿಗೆ ಮೊದಲು ಸಿಗುವ ಶೇಷಪರ್ವತ ಹನ್ನೊಂದೂವರೆ, ತುದಿ ಹನ್ನೆರಡೂವರೆ. ಇವನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಡಿ. ಕೊನೆಗೆ ದಪ್ಪ ಅಕ್ಷರದಲ್ಲಿ ‘ಒಂದು ಗಂಟೆ: ಎಲ್ಲಿದ್ದರೂ ವಾಪಸ್’ ಎಂದು ಬರೆದು, ಬಸ್ ಹತ್ತುವ ಮೊದಲೇ ಇಬ್ಬರೂ ಒಪ್ಪಿಕೊಳ್ಳಿ. ತುದಿ ಎದುರಿಗೇ ಕಾಣುತ್ತಿರುವಾಗ ಈ ಮಾತು ಶುರುಮಾಡಿದರೆ ಯಾರೂ ಕೇಳುವುದಿಲ್ಲ.

ಇಬ್ಬರೇ ಎಂದರೆ

ಹತ್ತು ಜನರ ಗುಂಪಿನಲ್ಲಿ ಒಬ್ಬನ ಕಾಲು ಉಳುಕಿದರೆ ನಾಲ್ವರು ಹಿಡಿದುಕೊಳ್ಳುತ್ತಾರೆ, ಇಬ್ಬರು ಕೆಳಗೆ ಓಡುತ್ತಾರೆ. ಇಬ್ಬರಲ್ಲಿ ಒಬ್ಬರ ಕಾಲು ಉಳುಕಿದರೆ ಇನ್ನೊಬ್ಬರು ಕೂರಬೇಕೋ ಓಡಬೇಕೋ? ಇದಕ್ಕೆ ಉತ್ತರ ಮನೆಯಲ್ಲೇ ಆಗಬೇಕು. ಕಾಡಿನ ಭಾಗದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಏಣಿನ ಮೇಲೆ ಕೆಲವು ಕಡೆ ಬಂದು ಹೋಗುತ್ತದೆ, ಸಿಕ್ಕಲ್ಲಿ ತುರ್ತು ಸಹಾಯದ 112 ಒತ್ತಿ. ಸಿಗದಿದ್ದರೆ, ವಾರಾಂತ್ಯವಾದರೆ ಅಲ್ಲೇ ಜತೆಗಿರಿ, ಸಾಮಾನ್ಯವಾಗಿ ಯಾರಾದರೂ ಬರುತ್ತಾರೆ. ವಾರದ ದಿನವಾದರೆ ಬೆಚ್ಚನೆಯ ಅಂಗಿ, ನೀರೆಲ್ಲ, ಸೀಟಿ, ಟಾರ್ಚ್ ಗಾಯಗೊಂಡವರ ಕೈಗೆ ಕೊಟ್ಟು, ದಾರಿಯ ಮೇಲೆಯೇ ಕೂರಿಸಿ, ಇನ್ನೊಬ್ಬರು ಗಿರಿಗದ್ದೆಯ ಅರಣ್ಯ ಇಲಾಖೆ ಚೌಕಿಗೆ ಇಳಿಯಬೇಕು. ಸೀಟಿಗೂ ಕ್ರಮವಿದೆ: ನಿಮಿಷದಲ್ಲಿ ಆರು ಸಲ ಊದುವುದು, ಒಂದು ನಿಮಿಷ ಸುಮ್ಮನಿರುವುದು, ಮತ್ತೆ ಆರು. ಜಗತ್ತಿನ ಬಹುಪಾಲು ಬೆಟ್ಟಗಳಲ್ಲಿ ಇದು ‘ಕಾಪಾಡಿ’ ಎಂಬ ಕರೆ.

ವೇಗದ ವಿಷಯದಲ್ಲಿ ಒಂದೇ ನಿಯಮ. ನಿಧಾನ ನಡೆಯುವವರು ಮುಂದೆ. ಚುರುಕಿನವರು ಮುಂದಿದ್ದರೆ ಏನಾಗುತ್ತದೆ ಎಂದು ಯಾವ ಬೆಟ್ಟದಲ್ಲಾದರೂ ನೋಡಬಹುದು. ಅವರು ತಿರುವಿನಲ್ಲಿ ಕೂತು ಐದು ನಿಮಿಷ ದಣಿವಾರಿಸಿಕೊಂಡಿರುತ್ತಾರೆ, ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕ್ಷಣವೇ ಎದ್ದು “ಹೋಗೋಣ್ವಾ?” ಎನ್ನುತ್ತಾರೆ. ವಿಶ್ರಾಂತಿ ಬೇಡದವರಿಗೆ ವಿಶ್ರಾಂತಿ, ಬೇಕಾದವರಿಗಿಲ್ಲ. ಗಂಡ ಹೆಂಡತಿ ಹೋಗುವಾಗಂತೂ ಇದು ಬೆಟ್ಟ ಇಳಿದ ಮೇಲೂ ಮುಗಿಯದ ಜಗಳ.

ಇನ್ನೊಂದು. ಸುಸ್ತಾಗಿದೆ ಎಂದು ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ.

“ಏನ್ ಮಾರಾಯ, ಕೂರುವನಾ?”

“ಬೇಡ ಬೇಡ, ನಡಿ ನೀನು.”

ಹೀಗೆ ಕೇಳಿದರೆ ಇದೇ ಉತ್ತರ. ಅದರ ಬದಲು ಗಂಟೆಗೊಮ್ಮೆ ಬಾಟಲಿ ಎತ್ತಿ ಪರಸ್ಪರ ನೀರಿನ ಮಟ್ಟ ನೋಡಿ. ಮುಖ ಬಿಟ್ಟು ಬಾಟಲಿ ನೋಡಿದರೆ ನಿಜ ಗೊತ್ತಾಗುತ್ತದೆ. ಕುಡಿಯುವುದನ್ನೇ ನಿಲ್ಲಿಸಿದವರು, ಮಾತು ನಿಲ್ಲಿಸಿದವರು, ಸಣ್ಣ ಬೇರಿಗೂ ಎಡವುತ್ತಿರುವವರು ದಣಿದಿದ್ದಾರೆ. ಕೂರಿಸಿ, ತಿನ್ನಿಸಿ, ಬೇಕಿದ್ದರೆ ಅಲ್ಲಿಂದಲೇ ತಿರುಗಿ.

ಚೀಲದೊಳಗೆ

ಹಂಚಿಕೊಂಡು ಹೊರಬಾರದ ವಸ್ತುಗಳಿವೆ. ನೀರು, ತಿಂಡಿ, ತಲೆಗೆ ಕಟ್ಟುವ ಟಾರ್ಚ್, ಮಳೆ ಅಂಗಿ, ಸೀಟಿ ಇಬ್ಬರಿಗೂ ಬೇರೆ ಬೇರೆ. ಔಷಧಿ ಡಬ್ಬಿ, ಪವರ್ ಬ್ಯಾಂಕ್, ಸುತ್ತುಪಟ್ಟಿ ಒಂದೊಂದು ಸಾಕು. ತಲಾ ಮೂರು ಲೀಟರ್ ನೀರು ಹಿಡಿಸುವ ಬಾಟಲಿ ಬೇಕು, ಆದರೆ ಕುಕ್ಕೆಯಿಂದಲೇ ಮೂರು ಲೀಟರ್ ಹೊರುವ ಅಗತ್ಯವಿಲ್ಲ. ಎರಡು ಲೀಟರ್ ಒಯ್ದು ಗಿರಿಗದ್ದೆಯಲ್ಲಿ ಪೂರ್ತಿ ತುಂಬಿಸಿ. ಅಲ್ಲಿಂದ ಮೇಲೆ ಕಲ್ಲುಮಂಟಪದ ಹತ್ತಿರದ ಝರಿ ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಹರಿಯುತ್ತದೆ. ಆದರೂ ಅದನ್ನೇ ನೆಚ್ಚಿಕೊಳ್ಳಬೇಡಿ. ಒಂದು ಬಾಟಲಿಗೆ ನಿಂಬೆ, ಉಪ್ಪು, ಸಕ್ಕರೆ ಹಾಕಿಡಿ ಅಥವಾ ಓಆರ್‌ಎಸ್ ಪುಡಿ ಒಯ್ಯಿರಿ. ಬೆವರಿನಲ್ಲಿ ಉಪ್ಪು ಹೋದ ಮೇಲೆ ಬರೀ ನೀರು ಸುರಿದುಕೊಂಡರೆ ತೊಡೆಯ ಸ್ನಾಯು ಹಿಡಿದುಕೊಳ್ಳಬಹುದು.

ತಿನ್ನಲು ಚಪಾತಿಗೆ ತುಪ್ಪ ಚಟ್ನಿಪುಡಿ ಸವರಿ ಸುತ್ತಿಕೊಂಡದ್ದು, ಕಡಲೆಬೀಜದ ಚಿಕ್ಕಿ, ಖರ್ಜೂರ, ಬಾಳೆಹಣ್ಣು. ಚಿತ್ರಾನ್ನ, ಮೊಸರನ್ನದ ಡಬ್ಬಿ ಬೇಡ. ಭಾರ, ಮತ್ತೆ ಕೂತು ಉಣ್ಣಬೇಕು. ಹಸಿವಾಗುವ ಮೊದಲೇ, ಮುಕ್ಕಾಲು ಗಂಟೆಗೊಮ್ಮೆ ಎರಡು ತುತ್ತು ನಡೆಯುತ್ತಲೇ ಹೋಗಲಿ. ಪ್ಲಾಸ್ಟಿಕ್ ಪೊಟ್ಟಣ ಆದಷ್ಟು ತಪ್ಪಿಸಿ, ಚೌಕಿಯಲ್ಲಿ ಚೀಲ ತೆರೆಸಿ ನೋಡುತ್ತಾರೆ. ಉಂಬಳಕ್ಕೆ ಬಟ್ಟೆಯಲ್ಲಿ ಕಟ್ಟಿದ ಸ್ವಲ್ಪ ಉಪ್ಪು ಸಾಕು.

ಹೊರಡುವ ಎರಡು ದಿನ ಮೊದಲು ಕಾಲ್ಬೆರಳ ಉಗುರು ಕತ್ತರಿಸಿ. ನಗಬೇಡಿ! 1,600 ಮೀಟರ್ ಇಳಿಯುವಾಗ ಪ್ರತಿ ಹೆಜ್ಜೆಗೂ ಹೆಬ್ಬೆರಳು ಶೂವಿನ ಮೂತಿಗೆ ಗುದ್ದುತ್ತದೆ. ಉದ್ದ ಉಗುರಿನವರ ಹೆಬ್ಬೆರಳು ಸಂಜೆಗೆ ನೇರಳೆ ಬಣ್ಣಕ್ಕೆ ತಿರುಗಿ, ಆಮೇಲೆ ಉಗುರೇ ಕಳಚಿ ಬೀಳಬಹುದು.

ದಾರಿ

ಊರು ದಾಟಿ ದೇವರಗದ್ದೆಯ ಕಡೆಯಿಂದ ಕಾಡು ಹೊಕ್ಕರೆ ಬೇರುಗಳೇ ಮೆಟ್ಟಿಲು. ಗಾಳಿಯಿಲ್ಲ, ಸೆಕೆ, ತಲೆಯ ಮೇಲೆ ಎಲೆಯ ಚಪ್ಪರ. ಬೆಳಗಿನ ಉತ್ಸಾಹದಲ್ಲಿ ಇಲ್ಲೇ ಓಡಿ ಶಕ್ತಿ ಕಳೆದುಕೊಳ್ಳುವವರು ಹೆಚ್ಚು. ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನಕ್ಕೆ ನಡೆಯಿರಿ. ಭೀಮನಕಲ್ಲು ಎಂಬ ದೊಡ್ಡ ಬಂಡೆ ಸಿಕ್ಕಿದರೆ ಕಾಡಿನ ಬಹುಪಾಲು ಮುಗಿಯಿತು ಅಂತ. ಆಮೇಲೆ ಬಯಲು, ಗಿರಿಗದ್ದೆ, ಭಟ್ಟರ ಮನೆ. ದಶಕಗಳಿಂದ ಚಾರಣಿಗರಿಗೆ ಅನ್ನ ಸಾಂಬಾರ್ ಬಡಿಸಿದ ಮನೆ ಅದು. ಊಟ ಬೇಕಿದ್ದರೆ ಮೊದಲೇ ಹೇಳಿಡಬೇಕು. ಏರುವಾಗ ಹೊಟ್ಟೆತುಂಬ ಉಣ್ಣುವುದು ಬೇಡ, ಇಳಿಯುವಾಗ ಉಣ್ಣಿ.

ಚೌಕಿ ದಾಟಿದ ಮೇಲೆ ಮರವಿಲ್ಲ. ಟೋಪಿ ತಲೆಗೆ, ತುಂಬುತೋಳಿನ ಅಂಗಿ ಮೈಗೆ. ಹುಲ್ಲಿನ ಏಣು ಒಂದರ ಹಿಂದೊಂದು ಏಳುತ್ತದೆ. ಇದೇ ಕೊನೆ ಎಂದು ಹತ್ತಿದ ಮೇಲೆ ಇನ್ನೊಂದು. ಕಲ್ಲುಮಂಟಪದಲ್ಲಿ ಹತ್ತು ನಿಮಿಷ ನೆರಳು. ಅಲ್ಲಿಂದ ಶೇಷಪರ್ವತದವರೆಗೆ ಇಡೀ ದಿನದ ಅತ್ಯಂತ ಕಡಿದಾದ ಬಯಲು ಏರು. ಶೇಷಪರ್ವತದ ಅಂಚು ಹಾವಿನ ಹೆಡೆಯ ಹಾಗೆ ಎದ್ದು, ಒಂದು ಕಡೆ ಸೀದಾ ಕಂದಕಕ್ಕೆ ಬೀಳುತ್ತದೆ. ಮಂಜಿದ್ದಾಗ ಆ ಅಂಚಿನ ಹತ್ತಿರ ಸುಳಿಯಬೇಡಿ. ಹುಲ್ಲಿನಲ್ಲಿ ಕವಲು ದಾರಿಗಳು ಬಹಳ, ಮಂಜು ಕವಿದರೆ ಇಬ್ಬರೂ ಕೈಗೆ ಸಿಗುವಷ್ಟು ಹತ್ತಿರ ನಿಂತು ಕಾಯಿರಿ. ಒಬ್ಬರು “ಆ ಕಡೆ ನೋಡಿ ಬರ್ತೀನಿ” ಎಂದು ಹೋಗುವುದು ಬೇಡವೇ ಬೇಡ. ಗುಡುಗು ಕೇಳಿದರೆ ಏಣು ಬಿಟ್ಟು ಕೆಳಗಿಳಿಯಬೇಕು, ಹೊತ್ತು ಎಷ್ಟೇ ಆಗಿರಲಿ.

ಶೇಷಪರ್ವತದಿಂದ ಸ್ವಲ್ಪ ಇಳಿದು ಶೋಲಾ ಕಾಡು (ಬೆಟ್ಟದ ಮಡಿಲಿನ ದಟ್ಟ ಕಾಡು) ಹೊಕ್ಕರೆ ಒಮ್ಮೆಗೇ ತಂಪು. ಮುಂದೆ ನೀರು ಜಿನುಗುವ ಕಡಿದಾದ ಬಂಡೆ. ಒಬ್ಬರು ಪೂರ್ತಿ ಹತ್ತಿ ಮುಗಿಸಿದ ಮೇಲೆ ಇನ್ನೊಬ್ಬರು ಕೈಯಿಡಲಿ. ಮೇಲಿನವರು ಜಾರಿದರೆ ಕೆಳಗಿನವರನ್ನೂ ಕರೆದೊಯ್ಯುತ್ತಾರೆ. ಬಂಡೆ ಒದ್ದೆಯಾಗಿದ್ದು ಇಳಿಯುವ ಧೈರ್ಯ ಇಲ್ಲವೆಂದರೆ ಹತ್ತಲೂಬೇಡಿ, ಶೇಷಪರ್ವತದ ನೋಟಕ್ಕೇನೂ ಕೊರತೆಯಿಲ್ಲ. ತುದಿಯಲ್ಲಿ ಕಲ್ಲು ಪೇರಿಸಿದ ಪುಟ್ಟ ಗುಡಿ. ತಾರಕಾಸುರನ ಸಂಹಾರ ಮುಗಿಸಿ ಕುಮಾರಸ್ವಾಮಿ ಬಂದಿಳಿದದ್ದು ಇಲ್ಲಿಗೇ ಎನ್ನುತ್ತದೆ ಸ್ಥಳಪುರಾಣ.

ಇಳಿತ

ಅಪಾಯವೆಲ್ಲ ಇಲ್ಲಿಯೇ. ತುದಿಯಲ್ಲೇ ಕೂತು ಶೂ ಬಿಚ್ಚಿ, ಕಲ್ಲುಪುಡಿ ಕೊಡವಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಪಾದದ ಗಂಟಿನ ಹತ್ತಿರ ಲೇಸನ್ನು ಬಿಗಿಯಾಗಿ ಕಟ್ಟಿ. ಬೆರಳು ಮುಂದಕ್ಕೆ ಜಾರಬಾರದು. ಹೆಜ್ಜೆ ಸಣ್ಣದಿರಲಿ, ಮಂಡಿ ತುಸು ಮಡಚಿರಲಿ. ಒಣ ಹುಲ್ಲಿನ ಮೇಲಿನ ಸಣ್ಣ ಜಲ್ಲಿ ಉರುಳುವ ಗೋಲಿಯಂತೆ, ಅಲ್ಲಿ ಓಡಬೇಡಿ. ಕೋಲು ಇದ್ದರೆ ಈಗ ತೆಗೆಯಿರಿ. ಇಬ್ಬರಿಗೂ ಸೇರಿ ಒಂದೇ ಜೋಡಿ ಇದ್ದರೆ ಮಂಡಿ ನೋವಿರುವವರಿಗೆ ಎರಡೂ ಕೊಡಿ, ಹಂಚಿಕೊಳ್ಳಬೇಡಿ.

ಮೂರೂ ಮುಕ್ಕಾಲರೊಳಗೆ ಗಿರಿಗದ್ದೆ ಮುಟ್ಟಬೇಕು. ಅಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಕಾಲು ಮರಗಟ್ಟುತ್ತದೆ. ಕೊನೆಯ ಕಾಡಿನಲ್ಲಿ ಐದು ಗಂಟೆಗೇ ಮಬ್ಬು. ಕತ್ತಲಾಗುವವರೆಗೆ ಕಾಯದೆ ಬೇರು ಕಲ್ಲು ಬೇರೆಯಾಗಿ ಕಾಣದಾದಾಗಲೇ ಟಾರ್ಚ್ ಹಚ್ಚಿ, ಮಾತಾಡಿಕೊಂಡೇ ಇಳಿಯಿರಿ. ಊರು ಮುಟ್ಟಿದ ಮೇಲೆ ಇಲಾಖೆಯವರಲ್ಲಿ ವಾಪಸಾದ ಹಾಜರಿ ಹಾಕಿ, ಮನೆಗೆ ಫೋನ್ ಮಾಡಿ. ವಾಪಸು ಬಸ್ಸು ರಾತ್ರಿ ಒಂಬತ್ತರ ನಂತರದ್ದೇ ಇರಲಿ. ಆರೂವರೆಯ ಬಸ್ಸಿಗೆ ಸೀಟು ಕಾದಿರಿಸಿದವರೇ ಕೊನೆಯ ಕಾಡಿನಲ್ಲಿ ಓಡುವುದು, ಬೀಳುವುದು.